ನರಕ್ಕೆ ಏಟಾದಾಗ ದುಡ್ಡು ಯಾವುದಕ್ಕೆ ಹಾಕಬೇಕು: ಪಟ್ಟಿ, ವ್ಯಾಯಾಮ, ಕರೆಂಟ್, ಲೇಸರ್, ಎಣ್ಣೆ

ಕರೆಂಟ್ ಕೊಡಿಸೋದಾ, ಲೇಸರ್ ಹಾಕಿಸೋದಾ, ಎಣ್ಣೆ ತಿಕ್ಕಿಸೋದಾ, ಇಲ್ಲ ಸುಮ್ನೆ ಪಟ್ಟಿ ಕಟ್ಟಿಕೊಂಡು ಕಾಯೋದಾ? ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನನ್ನು ಜನ ಜಾಸ್ತಿ ಕೇಳುವುದು ಇದನ್ನೇ. ಕೇಳುವವರು ನಾನಾ ಥರ. ಹೈವೇಯಲ್ಲಿ ಬೈಕಿನಿಂದ ಬಿದ್ದು, ತೋಳಿನ ಮೂಳೆ ಮುರಿದು, ಮಣಿಕಟ್ಟು ಜೋತುಬಿದ್ದವರು. ಚಳ್ಳಕೆರೆ, ಹಿರಿಯೂರು ಕಡೆ ದಿನವಿಡೀ ಕುಕ್ಕರಗಾಲಲ್ಲಿ ಕೂತು ಈರುಳ್ಳಿ ಸೊಪ್ಪು ಕತ್ತರಿಸಿ, ಸಂಜೆ ಎದ್ದಾಗ ಪಾದವೇ ಮೇಲೇಳದವರು. ಬೆಳಗಿನ ಜಾವ ಬೆರಳು ಮರಗಟ್ಟಿ ಎಚ್ಚರವಾಗುವ ಟೈಲರ್‌ಗಳು, ರೊಟ್ಟಿ ತಟ್ಟುವ ಹೆಣ್ಣುಮಕ್ಕಳು. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವ ಹಿರಿಯರು.

ಇವರೆಲ್ಲರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಆದರೆ ಅಳೆಯುವ ಕೋಲು ಒಂದೇ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಒಂದೇ ಪಕ್ಕದ ಕೈಕಾಲು ಬಿದ್ದು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಲಕ್ವ, ಮಿದುಳಿಗೆ ಸಂಬಂಧಿಸಿದ್ದು. ಎರಡೂ ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಾ ಬಂದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೂ ತುರ್ತು. ಇಂಥ ಹೊತ್ತಲ್ಲಿ ಹೋಲಿಕೆ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಮೊದಲು ಅಳೆದು ನೋಡಬೇಕಾದ್ದು

ಮೊದಲನೆಯದು, ನರದ ಸ್ಥಿತಿ. ಬ್ರಿಟನ್ನಿನ ಡಾಕ್ಟರ್ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಏಟನ್ನು ಮೂರು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ಡಾಕ್ಟರುಗಳು ಅದೇ ಲೆಕ್ಕ ಹಿಡಿಯುತ್ತಾರೆ. ನರವನ್ನು ಬೋರ್‌ವೆಲ್ ಮೋಟಾರಿನ ಕೇಬಲ್ ಅಂದುಕೊಳ್ಳಿ. ಬರೀ ಮೇಲಿನ ಹೊದಿಕೆ ನಜ್ಜಾಗಿದ್ದರೆ ಮೊದಲ ಬಗೆ. ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಅದು ತಾನಾಗಿಯೇ ಸರಿಹೋಗುತ್ತದೆ. ಒಳಗಿನ ತಂತಿ ಕಡಿದು ಹೊರಗಿನ ಕೊಳವೆ ಹಾಗೇ ಉಳಿದಿದ್ದರೆ ಎರಡನೆಯದು. ಆಗ ಎಳೆಗಳು ಕೊಳವೆಯೊಳಗೇ ಮತ್ತೆ ಬೆಳೆದುಕೊಂಡು ಹೋಗಬೇಕು. ಪೂರ್ತಿ ತುಂಡಾಗಿದ್ದರೆ ಮೂರನೆಯದು. ಅದನ್ನು ಹೊಲಿಯಲೇಬೇಕು. ಚರ್ಮದ ಮೇಲಿಂದ ಕೊಡುವ ಯಾವ ಚಿಕಿತ್ಸೆಯೂ ಅದನ್ನು ಜೋಡಿಸುವುದಿಲ್ಲ.

ಯಾವ ಬಗೆ ಅಂತ ತಿಳಿಯಲು ಎನ್‌ಸಿವಿ (ನರದಲ್ಲಿ ಕರೆಂಟ್ ಹೇಗೆ ಹರಿಯುತ್ತಿದೆ ಅಂತ ನೋಡುವುದು), ಇಎಂಜಿ (ಸ್ನಾಯುವಿಗೆ ಸೂಜಿ ಇಟ್ಟು ಅದರೊಳಗಿನ ಕರೆಂಟ್ ನೋಡುವುದು) ಪರೀಕ್ಷೆ ಇವೆ. ಏಟಾದ ಮರುದಿನವೇ ಮಾಡಿಸಲು ಆತುರ ಬೇಡ. ತುಂಡಾದ ನರದ ಕೆಳಗಿನ ಭಾಗ ಕೆಲವು ದಿನ ಕರೆಂಟ್ ಹರಿಸುತ್ತಲೇ ಇರುತ್ತದೆ. ಸ್ನಾಯುವಿನಲ್ಲಿ ಬದಲಾವಣೆ ಕಾಣಿಸಿಕೊಳ್ಳಲು ಎರಡು ಮೂರು ವಾರ ಬೇಕು. ಹಾಗಾಗಿ ಸುಮಾರು 3 ವಾರ ಕಳೆದ ಮೇಲೆ ಮಾಡಿಸಿದರೆ ರಿಪೋರ್ಟಿಗೆ ಬೆಲೆ.

ಎರಡನೆಯದು ದೂರ. ನರ ಮತ್ತೆ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಅಂದರೆ ತಿಂಗಳಿಗೆ ಒಂದು ಇಂಚು. ಟೇಪ್ ತಗೊಂಡು ನೀವೇ ಅಳೆದು ನೋಡಿ. ಮೊಣಕಾಲಿನ ಹೊರಪಕ್ಕ, ಸ್ವಲ್ಪ ಕೆಳಗೆ, ಒಂದು ಮೂಳೆಯ ಗುಬುಟು ಕೈಗೆ ಸಿಗುತ್ತದೆ. ಪಾದ ಎತ್ತುವ ನರ ಅದರ ಪಕ್ಕದಲ್ಲಿ ಚರ್ಮಕ್ಕೆ ತಾಗಿದಂತೆ ಸುತ್ತಿ ಹೋಗುತ್ತದೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ಅಮುಕಿಕೊಳ್ಳುವುದು ಅಲ್ಲೇ. ಪಾದ ಎತ್ತುವ ಸ್ನಾಯು ಅಲ್ಲಿಂದ ಬಹಳ ದೂರ ಇಲ್ಲ, ಕೆಲವೇ ತಿಂಗಳ ದಾರಿ. ಪಿರ್ರೆಗೆ ಚುಚ್ಚಿದ ಸೂಜಿ ದೊಡ್ಡ ನರಕ್ಕೇ ತಗುಲಿದ್ದರೆ? ಬೆಳೆದವರಲ್ಲಿ ಅಲ್ಲಿಂದ ಪಾದಕ್ಕೆ ಸುಮಾರು 80 ಸೆಂಟಿಮೀಟರ್. ಎರಡು ವರ್ಷಕ್ಕೂ ಜಾಸ್ತಿ.

ಇಲ್ಲೇ ತೊಡಕು ಇರೋದು. ನರ ಇಲ್ಲದೆ ಬಿದ್ದಿರುವ ಸ್ನಾಯು ಸುಮಾರು 12ರಿಂದ 18 ತಿಂಗಳವರೆಗೆ ಕಾಯುತ್ತದೆ. ಆಮೇಲೆ ನರ ಬಂದು ತಲುಪಿದರೂ ಅದು ಸರಿಯಾಗಿ ಎದ್ದೇಳುವುದಿಲ್ಲ.

ಮೂರನೆಯದು, ನಿಮ್ಮನ್ನು ಕಾಡುತ್ತಿರುವುದು ಏನು ಅನ್ನೋದು. ಶಕ್ತಿ ಇಲ್ಲದಿರುವುದು, ಉರಿ-ಚಳಕು, ಸ್ಪರ್ಶ ಇಲ್ಲದಿರುವುದು, ಈ ಮೂರಕ್ಕೂ ಮದ್ದು ಬೇರೆ ಬೇರೆ. ನಾಲ್ಕನೆಯದು, ಜೋಮು ಹಿಡಿದ ಚರ್ಮಕ್ಕೆ ಆ ಚಿಕಿತ್ಸೆ ಅಪಾಯವಾ ಅಂತ. ಐದನೆಯದು ದುಡ್ಡು. ಬರೀ ಫೀಸಿನ ಲೆಕ್ಕ ಹಾಕಿದರೆ ಸಾಲದು. ಜಗಳೂರಿನಿಂದಲೋ ಮೊಳಕಾಲ್ಮುರಿನಿಂದಲೋ ದಿನಾ ಬಸ್ಸು ಹತ್ತಿ ಬರುವವರಿಗೆ ಚಾರ್ಜು, ಕಳೆದುಹೋದ ಕೂಲಿ, ಜೊತೆಗೆ ಬಂದವರ ಕೂಲಿ ಎಲ್ಲಾ ಸೇರುತ್ತದೆ. ನರದ ಕೆಲಸ ತಿಂಗಳುಗಟ್ಟಲೆ. ಎರಡೇ ವಾರದಲ್ಲಿ ಜೇಬು ಖಾಲಿ ಮಾಡುವ ಚಿಕಿತ್ಸೆ ಎಷ್ಟು ಚೆನ್ನಾಗಿದ್ದರೂ ನಿಮ್ಮದಲ್ಲ.

ಪಟ್ಟಿ, ಅಂದರೆ ಸ್ಪ್ಲಿಂಟ್

ನನ್ನನ್ನು ಕೇಳಿದರೆ ಮೊದಲ ರೂಪಾಯಿ ಇಲ್ಲಿಗೆ ಹೋಗಬೇಕು. ಸ್ಪ್ಲಿಂಟ್ ನರವನ್ನು ಬೆಳೆಸುವುದಿಲ್ಲ, ನಿಜ. ಆದರೆ ನರ ಬರುವ ಹೊತ್ತಿಗೆ ಕೀಲು ಬಿಗಿದುಕೊಂಡಿದ್ದರೆ, ಸ್ನಾಯು ಮೊಟಕಾಗಿದ್ದರೆ, ಬಂದ ನರ ಏನು ಮಾಡಬೇಕು?

ಮಣಿಕಟ್ಟು ಜೋತುಬಿದ್ದವರಿಗೆ ಕಾಕ್-ಅಪ್ ಸ್ಪ್ಲಿಂಟ್ ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ರೆಡಿಮೇಡ್ ಆಗಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಾಕಿದ ಕೂಡಲೇ ಲೋಟ ಹಿಡಿಯಲು ಬರುತ್ತದೆ, ಯಾಕೆಂದರೆ ಮಣಿಕಟ್ಟು ನೆಟ್ಟಗಿದ್ದರೆ ತಾನೇ ಬೆರಳಿಗೆ ಹಿಡಿತ. ಅಂಗೈ ನರ ಅಮುಕಿಕೊಂಡು ರಾತ್ರಿ ಬೆರಳು ಜೋಮು ಹಿಡಿಯುವ ಕಾರ್ಪಲ್ ಟನಲ್‌ನವರಿಗೂ ಅಂಗಡಿಯವರು ಎಷ್ಟೋ ಸಲ ಇದೇ ಪಟ್ಟಿ ಕೊಟ್ಟು ಕಳಿಸುತ್ತಾರೆ. ಅದರೊಳಗೆ ಒಂದು ಲೋಹದ ಪಟ್ಟಿ ಇರುತ್ತದೆ, ಮೇಲ್ಮುಖವಾಗಿ ಬಾಗಿರುತ್ತದೆ. ಕಾರ್ಪಲ್ ಟನಲ್‌ಗೆ ಆ ಬಾಗು ಬೇಡ. ಮಣಿಕಟ್ಟು ನೇರವಾಗಿರಬೇಕು. ಲೋಹದ ಪಟ್ಟಿ ಹೊರಗೆ ಎಳೆದು, ಮೇಜಿನ ಮೇಲೆ ಒತ್ತಿ ಚಪ್ಪಟೆ ಮಾಡಿ, ಮತ್ತೆ ಒಳಗೆ ತೂರಿಸಿ. ರಾತ್ರಿ ಮಲಗುವಾಗ ಹಾಕಿಕೊಳ್ಳಿ. ಕನಿಷ್ಠ 6 ವಾರ ಬಿಡದೆ ಹಾಕಿ ಆಮೇಲೆ ಗುಣ ನೋಡಬೇಕು. ರೋಗ ಸಣ್ಣ ಮಟ್ಟದ್ದಾಗಿದ್ದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವುದು ಬೇರೆ ಯಾವುದೂ ಇಲ್ಲ.

ಪಾದ ಬಿದ್ದವರಿಗೆ ಎಎಫ್‌ಓ ಅನ್ನುವ, ಅಂಗಾಲಿನಿಂದ ಮೀನಖಂಡದವರೆಗೆ ಬರುವ ಪ್ಲಾಸ್ಟಿಕ್ ಪಟ್ಟಿ. ಅದಿಲ್ಲದಿದ್ದರೆ ನಡೆಯುವಾಗ ಪಾದ ಟಪ್ ಟಪ್ ಅಂತ ನೆಲಕ್ಕೆ ಬಡಿಯುತ್ತದೆ, ಬಸ್ಸಿನ ಮೆಟ್ಟಿಲಿಗೆ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ, ಚಪ್ಪಲಿ ಕಳಚಿ ಹಿಂದೆ ಉಳಿದದ್ದೂ ಗೊತ್ತಾಗಲ್ಲ. ರೆಡಿಮೇಡ್‌ಗಿಂತ ಅಳತೆ ಕೊಟ್ಟು ಮಾಡಿಸಿದ್ದಕ್ಕೆ ದುಡ್ಡು ಜಾಸ್ತಿ, ಆದರೆ ಜೋಮು ಇರುವ ಕಾಲಿಗೆ ಅದೇ ಒಳ್ಳೆಯದು. ಹವಾಯಿ ಚಪ್ಪಲಿಗೆ ಇದು ಕೂರುವುದಿಲ್ಲ. ಒಂದು ನಂಬರ್ ದೊಡ್ಡ ಶೂ, ಇಲ್ಲವೇ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಗದ್ದೆ ಕೆಸರಿನಲ್ಲಿ ಇದು ನಡೆಯೋದಿಲ್ಲ ಅನ್ನೋದೂ ಗೊತ್ತಿರಲಿ. ದಾವಣಗೆರೆಯಲ್ಲಿ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಸಿಆರ್‌ಸಿ, ಇದೆ. ಹೊರಗೆ ಮಾಡಿಸುವ ಮುಂಚೆ ಅಲ್ಲೊಮ್ಮೆ ವಿಚಾರಿಸಿ.

ಯಾವ ಪಟ್ಟಿಯೇ ಆಗಲಿ, ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಬಿಚ್ಚಿ ಚರ್ಮ ನೋಡಿ. ಕೆಂಪು ಗುರುತು 20 ನಿಮಿಷ ಕಳೆದರೂ ಮಾಯವಾಗದಿದ್ದರೆ ಪಟ್ಟಿ ಒತ್ತುತ್ತಿದೆ ಅಂತ. ನಾಟಿ ಮೂಳೆ ಕಟ್ಟುವವರ ಹತ್ತಿರ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಳ್ಳೋದು ನಮ್ಮ ಕಡೆ ಇನ್ನೂ ಇದೆ. ಬಿಗಿ ಕಟ್ಟಿನಿಂದಲೇ ನರ, ಸ್ನಾಯು ಎರಡೂ ಸಾಯಬಹುದು. ಕಟ್ಟಿದ ಮೇಲೆ ನೋವು ತಡೆಯಲಾರದಷ್ಟು ಏರಿದರೆ, ಬೆರಳು ಮರಗಟ್ಟಿದರೆ, ಬೆಳಗಾಗಲಿ ಅಂತ ಕಾಯದೆ ಬಿಚ್ಚಿಸಿ ಆಸ್ಪತ್ರೆಗೆ ಹೋಗಿ.

ವ್ಯಾಯಾಮ ಮತ್ತು ಸ್ಪರ್ಶದ ತರಬೇತಿ

ಎರಡನೇ ರೂಪಾಯಿ ಇದಕ್ಕೆ. ನರ ಬರುವವರೆಗೆ ಇನ್ನೊಂದು ಕೈಯಿಂದಲೋ ಮನೆಯವರ ಸಹಾಯದಿಂದಲೋ ಕೀಲನ್ನು ಪೂರ್ತಿ ಆಡಿಸುವುದು. ಸ್ನಾಯು ಮಿಣುಕು ಕಾಣಿಸಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಶಕ್ತಿ ಕೂಡಿಸುವುದು. ಹೊಸದಾಗಿ ನರ ಸಿಕ್ಕ ಸ್ನಾಯು ಬೇಗ ಸುಸ್ತಾಗುತ್ತದೆ. ನೂರು ಸಲ ಎತ್ತಿಸುವ ಹಟ ಬೇಡ. ಐದಾರು ಸಲ ಎತ್ತಿ, ಬಿಟ್ಟು, ಮತ್ತೆ ಸಂಜೆ ಮಾಡಿ.

ಸ್ಪರ್ಶದ ತರಬೇತಿಯನ್ನು ಎಷ್ಟೋ ಜನ ಕೇಳಿಯೇ ಇರುವುದಿಲ್ಲ. ನರ ಕೈಗೆ ತಲುಪಿದರೂ ಅದು ಕಳಿಸುವ ಸುದ್ದಿ ಮಿದುಳಿಗೆ ಕಲಸುಮೇಲೋಗರವಾಗಿ ಕೇಳಿಸುತ್ತದೆ. ಮುಟ್ಟಿದ್ದೊಂದು ಬೆರಳು, ಗೊತ್ತಾಗುವುದು ಇನ್ನೊಂದು. ಮೂರು ತಟ್ಟೆ ತಗೊಳ್ಳಿ: ಒಂದರಲ್ಲಿ ರಾಗಿ, ಒಂದರಲ್ಲಿ ಕಡಲೆ, ಒಂದರಲ್ಲಿ ಹತ್ತಿ. ಮೊದಲು ನೋಡುತ್ತಾ ಮುಟ್ಟಿ, ಆಮೇಲೆ ಕಣ್ಣು ಮುಚ್ಚಿ ಮುಟ್ಟಿ, ಮತ್ತೆ ಕಣ್ಣು ಬಿಟ್ಟು ಸರಿಯಾ ಅಂತ ನೋಡಿ. ಐದು ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಮುಟ್ಟಿದರೆ ಶಾಕ್ ಹೊಡೆದಂತಾಗುವವರು ಹತ್ತಿಯಿಂದ ಶುರು ಮಾಡಿ ಹಳೇ ಬನಿಯನ್, ಟವೆಲ್, ಕೊನೆಗೆ ಗೋಣಿಚೀಲದವರೆಗೆ ಮೆಲ್ಲಗೆ ಹೋಗಬೇಕು. ಇದಕ್ಕೆ ಖರ್ಚಿಲ್ಲ. ಬೇಕಾದ್ದು ತಾಳ್ಮೆ, ಅದೇ ದುಬಾರಿ.

ದಿನಾ ಕ್ಲಿನಿಕ್ಕಿಗೆ ಬರಲೇಬೇಕಾ? ಬೇಡ. ಕಲಿಸಿಕೊಂಡು ಹೋಗಿ ಮನೆಯಲ್ಲಿ ಮಾಡಿ, ಎರಡು ಮೂರು ವಾರಕ್ಕೊಮ್ಮೆ ತೋರಿಸಿದರೆ ಬಹಳ ಜನಕ್ಕೆ ಸಾಕು. ನನ್ನ ವೃತ್ತಿಯ ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ದುಡ್ಡಿನ ಅಡಚಣೆ ಇದ್ದವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಅಥವಾ ಚಿತ್ರದುರ್ಗದ ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಮೊದಲು ಹೋಗಿ.

ಕರೆಂಟ್

ಜನ "ಕರೆಂಟ್ ಇಡ್ತಾರೆ" ಅನ್ನುವುದು ಒಂದೇ ಯಂತ್ರಕ್ಕಲ್ಲ. ಮೋಸ ಹೋಗುವುದೂ ಇಲ್ಲಿಯೇ.

ಟೆನ್ಸ್ ಅನ್ನುವ ಪುಟ್ಟ ಪೆಟ್ಟಿಗೆ ಇರುವುದು ನೋವಿಗೆ. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಉರಿ, ಚಳಕು ಇರುವ ಕೆಲವರಿಗೆ ಹಾಕಿಕೊಂಡಷ್ಟು ಹೊತ್ತು ಆರಾಮ. ಗುಳಿಗೆ ಜಾಸ್ತಿ ನುಂಗಲಾರದವರು ನೋಡಬಹುದು. ಕೊಳ್ಳುವ ಮುಂಚೆ ಕ್ಲಿನಿಕ್ಕಿನಲ್ಲಿ ಕೆಲವು ಸಲ ಹಾಕಿಸಿ ನೋಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕತ್ತಿನ ಮುಂಭಾಗಕ್ಕೆ, ಬಸುರಿಯರ ಹೊಟ್ಟೆಗೆ, ಗಾಯದ ಮೇಲೆ ಇಡಬಾರದು.

ಟೆನ್ಸ್ ಇಟ್ಟರೂ ಪಾದ ಕುಣಿಯಲಿಲ್ಲ, ನರ ಪೂರ್ತಿ ಸತ್ತಿರಬೇಕು ಅಂತ ಗಾಬರಿಯಾಗಿ ಬರುವವರು ಇದ್ದಾರೆ. ಆ ಯಂತ್ರದ ಮಿಡಿತ ಸೆಕೆಂಡಿನ ಹತ್ತು ಸಾವಿರದ ಒಂದೆರಡು ಪಾಲಿನಷ್ಟು ಚಿಕ್ಕದು. ನರದ ಮೂಲಕವೇ ಅದು ಸ್ನಾಯುವನ್ನು ಕುಣಿಸಬೇಕು. ನರ ಕಡಿದ ಸ್ನಾಯು ಕುಣಿಯಬೇಕಾದರೆ ಅದಕ್ಕಿಂತ ನೂರಾರು ಪಟ್ಟು ಉದ್ದದ ಮಿಡಿತ ಬೇಕು. ಅದು ಕ್ಲಿನಿಕ್ಕಿನ ದೊಡ್ಡ ಯಂತ್ರದಲ್ಲಿ ಇರುತ್ತದೆ. ಅದರಿಂದ ಸ್ನಾಯು ಸೊರಗುವುದು ಸ್ವಲ್ಪ ತಡವಾಗಬಹುದು. ನರ ಬೇಗ ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ದಿನಾ ಮಾಡಿಸಬೇಕು, ತಿಂಗಳುಗಟ್ಟಲೆ ಮಾಡಿಸಬೇಕು, ಜೋಮಿನ ಚರ್ಮ ಸುಡದಂತೆ ನೋಡಿಕೊಳ್ಳಬೇಕು. ಹತ್ತಿರದಲ್ಲೇ ಮನೆ ಇದ್ದು, ಖರ್ಚು ಹೊರೆ ಅನ್ನಿಸದಿದ್ದರೆ ಮಾಡಿಸಿ. ಬಸ್ಸಿಗೇ ದಿನದ ಕೂಲಿಯ ಅರ್ಧ ಹೋಗುವುದಾದರೆ ಬಿಟ್ಟರೆ ನಷ್ಟವೇನಿಲ್ಲ ಅಂತಲೇ ಹೇಳುತ್ತೇನೆ.

ಇನ್ನೊಂದಿದೆ, ಎಫ್‌ಇಎಸ್. ಕಾಲಿಗೆ ಕಟ್ಟಿಕೊಂಡರೆ ಹೆಜ್ಜೆ ಇಡುವಾಗ ಕರೆಂಟ್ ಕೊಟ್ಟು ಪಾದ ಎತ್ತಿಸುತ್ತದೆ. ಲಕ್ವ ಹೊಡೆದವರಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಯಾಕೆಂದರೆ ಅವರ ಕಾಲಿನ ನರ ಸರಿಯಾಗಿದೆ, ಕೆಟ್ಟಿರುವುದು ಮಿದುಳಿನ ಕಡೆ. ಕಾಲಿನ ನರವೇ ಕಡಿದವರಿಗೆ ಇದರಿಂದ ಏನೂ ಆಗಲ್ಲ. ಜಾಹೀರಾತಿನಲ್ಲಿ ಬರೀ "ಫುಟ್ ಡ್ರಾಪ್‌ಗೆ" (ಪಾದ ಬೀಳುವುದಕ್ಕೆ) ಅಂತ ಇರುತ್ತದೆ, ಯಾರ ಫುಟ್ ಡ್ರಾಪ್ ಅಂತ ಇರಲ್ಲ. ಬೆಲೆಯೂ ಎಎಫ್‌ಓಗಿಂತ ಎಷ್ಟೋ ಪಟ್ಟು. ಹುಷಾರು.

ಕರೆಂಟಿನಿಂದ ನರ ಬೇಗ ಬೆಳೆಯುತ್ತದೆ ಅಂತ ಪೇಪರಿನಲ್ಲಿ ಓದಿದ್ದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಕಾರ್ಪಲ್ ಟನಲ್ ಆಪರೇಷನ್ ಆದ ಕೂಡಲೇ ನರಕ್ಕೆ ಒಂದು ಗಂಟೆ, ಸೆಕೆಂಡಿಗೆ 20 ಮಿಡಿತದಂತೆ ಕರೆಂಟ್ ಕೊಟ್ಟು ಒಳ್ಳೆಯ ಫಲಿತಾಂಶ ಕಂಡು 2010ರಲ್ಲಿ ಪ್ರಕಟಿಸಿದರು. ಆದರೆ ಅದು ಆಪರೇಷನ್ನಿನ ಜೊತೆ, ನರದ ಪಕ್ಕದಲ್ಲೇ ತಂತಿ ಇಟ್ಟು ಕೊಟ್ಟದ್ದು. ಚರ್ಮದ ಮೇಲೆ ಪ್ಯಾಡ್ ಅಂಟಿಸಿದ್ದಕ್ಕೆ ಆ ಫಲಿತಾಂಶ ಹೊಂದಿಸಬಾರದು.

ಲೇಸರ್, ಅಲ್ಟ್ರಾಸೌಂಡ್, ಅಯಸ್ಕಾಂತ

ಲೇಸರ್ ಪ್ಯಾಕೇಜು ಕೊಳ್ಳುವ ಮುಂಚೆ ಇದನ್ನು ತಿಳಿದುಕೊಳ್ಳಿ. ಇಸ್ರೇಲಿನಲ್ಲಿ ಅರೆಬರೆ ನರದ ಏಟು ಇದ್ದವರ ಮೇಲೆ ಒಂದು ಅಚ್ಚುಕಟ್ಟಾದ ಪ್ರಯೋಗ ನಡೆದು 2007ರಲ್ಲಿ ಪ್ರಕಟವಾಯಿತು. ಫಲ ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿದ್ದವರು 18 ಜನ. ಅವರಿಗೆ ಲೇಸರ್ ಕೊಟ್ಟದ್ದು ದಿನಕ್ಕೆ 5 ಗಂಟೆ, ಸತತ 21 ದಿನ. ನಮ್ಮಲ್ಲಿ ಸಿಗುವುದು ಹತ್ತು ನಿಮಿಷದ ಸೆಷನ್. ಎರಡೂ ಒಂದೇನಾ? ಲೇಸರಿನಿಂದ ಕೆಡುಕು ಕಡಿಮೆ, ಕಣ್ಣಿಗೆ ಕನ್ನಡಕ ಹಾಕಿಕೊಂಡರೆ ಆಯಿತು. ಕಾರ್ಪಲ್ ಟನಲ್, ಸಕ್ಕರೆ ಕಾಯಿಲೆಯ ನೋವಿನಲ್ಲಿ ಕೆಲವರಿಗೆ ಒಂದಿಷ್ಟು ಆರಾಮ ಸಿಗುವುದೂ ಉಂಟು. ಪಟ್ಟಿ, ವ್ಯಾಯಾಮ ಎರಡೂ ನಡೆಯುತ್ತಿದ್ದು, ಕೈಯಲ್ಲಿ ದುಡ್ಡು ಮಿಕ್ಕಿದ್ದರೆ ಮಾತ್ರ ಯೋಚಿಸಿ. ಸಾಲ ಮಾಡಿ ಖಂಡಿತ ಬೇಡ.

ಅಲ್ಟ್ರಾಸೌಂಡಿನಿಂದ (ಸ್ಕ್ಯಾನ್ ಅಲ್ಲ, ಶಬ್ದದ ಅಲೆ ಹಾಯಿಸುವ ಚಿಕಿತ್ಸೆ) ಕಾರ್ಪಲ್ ಟನಲ್‌ನವರಿಗೆ ಅಲ್ಪಸ್ವಲ್ಪ ಉಪಯೋಗ ಇರಬಹುದು, ಅಷ್ಟೇ. ಅಯಸ್ಕಾಂತದ ಬಳೆ, ಬೆಲ್ಟು ದುಡ್ಡು ದಂಡ. ಮೇಣದ ಬಾತ್, ಕೆಂಪು ದೀಪ, ಬಿಸಿನೀರಿನ ಚೀಲ, ಇವನ್ನು ಜೋಮು ಇರುವ ಕಡೆ ಇಡಲೇಬೇಡಿ. ಬೊಬ್ಬೆ ಬಂದಮೇಲೇ ನಿಮಗೆ ಗೊತ್ತಾಗುವುದು. ಸ್ನಾನಕ್ಕೆ ಹಂಡೆ ನೀರು ತೋಡಿಕೊಂಡಾಗಲೂ ಸ್ಪರ್ಶ ಇರುವ ಕೈಯಿಂದಲೇ ಬಿಸಿ ನೋಡಿ.

ಎಣ್ಣೆ ಮತ್ತು "ನರದ ಗುಳಿಗೆ"

ಎಣ್ಣೆ ತಿಕ್ಕುವುದನ್ನು ನಾನು ಬೇಡ ಅನ್ನಲ್ಲ. ಬೆವರದ ಒಣ ಚರ್ಮ ಮೆದುವಾಗುತ್ತದೆ, ಕೀಲು ಆಡಿಸಲು ಸಲೀಸು, ಮನೆಯವರು ದಿನಾ ಮುಟ್ಟಿ ನೋಡಿದಂತೆಯೂ ಆಗುತ್ತದೆ. ಮೂರು ಷರತ್ತು: ಎಣ್ಣೆ ಉಗುರುಬೆಚ್ಚಗಿಂತ ಜಾಸ್ತಿ ಬಿಸಿ ಇರಬಾರದು, ಏಟಾದ ಜಾಗವನ್ನು ಹೆಬ್ಬೆರಳಿನಿಂದ ಅಮುಕಬಾರದು, ನರ "ಎಳೆದು ಕೂರಿಸ್ತೀನಿ" ಅನ್ನುವವರ ಕೈಗೆ ಕೊಡಬಾರದು.

ಗುಳಿಗೆಯ ವಿಷಯ. ರಕ್ತದಲ್ಲಿ ಬಿ12 ಕಡಿಮೆ ಇದ್ದರೆ ಅದನ್ನು ತುಂಬಿಸಲೇಬೇಕು. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಸಕ್ಕರೆಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಇದು ಕಡಿಮೆಯಾಗುವುದು ಸಾಮಾನ್ಯ. ಆದರೆ ಅಂಗಡಿಯಿಂದ ತಂದು ಎರಡು ಮೂರು ಬಗೆಯ ನರದ ಗುಳಿಗೆ ಒಟ್ಟಿಗೆ ನುಂಗಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಬಿ6 ಸೇರಿಸಿರುತ್ತಾರೆ. ಬಿ6 ಅತಿಯಾಗಿ, ಬಹಳ ದಿನ ಒಳಗೆ ಹೋದರೆ ಅದೇ ನರ ಕೆಡಿಸುತ್ತದೆ.

ಯಾರಿಗೆ ಯಾವುದು

ತೋಳಿನ ಮೂಳೆ ಮುರಿದು ಮಣಿಕಟ್ಟು ಬಿದ್ದವರು ಸ್ಪ್ಲಿಂಟ್ ಹಾಕಿ, ಬೆರಳು ಆಡಿಸುತ್ತಾ ಕಾಯಬಹುದು. ಚರ್ಮ ಹರಿಯದ ಇಂಥ ಏಟುಗಳಲ್ಲಿ ಹೆಚ್ಚಿನವು ತಾವಾಗಿಯೇ ಗುಣವಾಗುತ್ತವೆ. ಕೂತು ಕೂತು ಪಾದ ಬಿದ್ದವರು ಎಎಫ್‌ಓ ಹಾಕಿ, ಕುಕ್ಕರಗಾಲು ಬಿಟ್ಟು, ಮಣೆಯ ಮೇಲೆ ಕೂತು ಕೆಲಸ ಮಾಡಿ. ಕಾಲ ಮೇಲೆ ಕಾಲು ಹಾಕುವುದೂ ಬೇಡ. ಕಾರ್ಪಲ್ ಟನಲ್‌ಗೆ ರಾತ್ರಿ ಪಟ್ಟಿ. ಆದರೆ ಹೆಬ್ಬೆರಳಿನ ಬುಡದ ಮಾಂಸ ಇಳಿದಿದ್ದರೆ ಪಟ್ಟಿಯಲ್ಲಿ ಕಾಲ ಕಳೆಯದೆ ಸರ್ಜನ್ ಹತ್ತಿರ ಹೋಗಿ. ಸಕ್ಕರೆಯವರಿಗೆ ಸಕ್ಕರೆ ಹತೋಟಿ, ದಿನಾ ನಡಿಗೆ, ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ, ರಾತ್ರಿ ಅಂಗಾಲು ನೋಡಿಕೊಳ್ಳುವುದು, ಇಷ್ಟರ ಮುಂದೆ ಯಾವ ಯಂತ್ರವೂ ನಿಲ್ಲದು. ಉರಿಗೆ ಡಾಕ್ಟರ್ ಗುಳಿಗೆ ಬೇರೆ ಇದೆ, ಟೆನ್ಸ್ ಅದರ ಜೊತೆಗೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದು ಕೈಕಾಲು ಜೋಮು ಹಿಡಿದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕುಷ್ಠ ಇದೆಯಾ ನೋಡಿಸಿ. ಔಷಧಿ ಉಚಿತ, ಬೇಗ ಶುರುವಾದರೆ ನರ ಉಳಿಯುತ್ತದೆ.

ಕುಡುಗೋಲು, ಗಾಜು ತಗುಲಿ ಕೊಯ್ದ ಗಾಯದ ಜೊತೆ ಬೆರಳು ಆಡದಿದ್ದರೆ ಈ ಹೋಲಿಕೆ ನಿಮಗಲ್ಲ. ನರ ತುಂಡಾಗಿರಬಹುದು, ದಿನಗಳೊಳಗೆ ಸರ್ಜನ್ ನೋಡಬೇಕು. ಮುಚ್ಚಿದ ಏಟಾದರೆ ಮೂರು ತಿಂಗಳು ಕಾಯಬಹುದು, ಲೆಕ್ಕ ಇಟ್ಟುಕೊಂಡು. ನರದ ದಾರಿಯಲ್ಲಿ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಇರುವೆ ಹರಿದಂತೆ ಜುಮ್ಮೆನ್ನುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಮೂಳೆಯಿಂದ ಎಷ್ಟು ದೂರ ಅಂತ ತಾರೀಕಿನ ಜೊತೆ ಬರೆದಿಡಿ. ತಿಂಗಳಿಗೊಮ್ಮೆ ಸಾಕು. ಗುರುತು ಕೆಳಗೆ ಇಳಿಯುತ್ತಾ ಹೋದರೆ ನರ ಬೆಳೆಯುತ್ತಿದೆ. ಮೂರು ತಿಂಗಳಾದರೂ ಅಲ್ಲೇ ನಿಂತಿದ್ದು, ಸ್ನಾಯುವೂ ಮಿಣುಕದೆ, ಎರಡನೇ ಇಎಂಜಿಯಲ್ಲೂ ಏನೂ ಕಾಣದಿದ್ದರೆ, ಇನ್ನೊಂದು ಪ್ಯಾಕೇಜಿಗೆ ದುಡ್ಡು ಕಟ್ಟುವ ಬದಲು ನರದ ಆಪರೇಷನ್ ಮಾಡುವ ಸರ್ಜನ್ ಹತ್ತಿರ ಹೋಗಿ. ಬೆಂಗಳೂರಿಗೇ ಹೋಗಬೇಕಾಗಿ ಬರಬಹುದು. ಎರಡೂ ಇಎಂಜಿ ರಿಪೋರ್ಟು, ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ, ಆ ತಾರೀಕು ಬರೆದ ಹಾಳೆ, ಮೂರನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.